-ತ್ರ ಪ್ರತ್ಯಯ: ಪಾತ್ರ, ಖನಿತ್ರ, ಅರಾತ್ರುಮ್, ಪೋಕುಲುಮ್ ಎಲ್ಲಕ್ಕೂ ಒಂದೇ ಮೂಲವೇ?

ತುಂಬೆಹೂ
ಮಂತ್ರ, ನೇತ್ರ, ಶಸ್ತ್ರ, ಪಾತ್ರ ಪದಗಳ ಕೊನೆಯ -ತ್ರ, ಲ್ಯಾಟಿನ್ನಿನ ಅರಾತ್ರುಮ್, ಗ್ರೀಕಿನ ಆರೊತ್ರೊನ್ (ಎರಡೂ ನೇಗಿಲು) ಪದಗಳ ಕೊನೆ, ಇವು ಒಂದೇ ಪ್ರತ್ಯಯ ಅಂತ ಓದಿದೆ. ಅಲ್ಲಿಗೆ ಒಪ್ಪಬಹುದು. ಆದರೆ ಪಾತ್ರಕ್ಕೆ ಲ್ಯಾಟಿನ್ ಜೋಡಿ ಪೋಕುಲುಮ್ (ಕುಡಿಯುವ ಬಟ್ಟಲು) ಅಂತೆ. ತ್ರ ಎಲ್ಲಿ, ಕುಲುಮ್ ಎಲ್ಲಿ? ಸ್ತಬುಲುಮ್ (ಕೊಟ್ಟಿಗೆ), ಕ್ರೀಬ್ರುಮ್ (ಜರಡಿ) ಕೂಡ ಇದೇ ಗುಂಪಂತೆ. ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ ಹಾಗಿದೆ. ಎರಡು ಪ್ರಶ್ನೆ. ಒಂದೇ ಎನ್ನುವುದಕ್ಕೆ ಧ್ವನಿನಿಯಮದ ಆಧಾರ ಏನು? ನಾವು ಕನ್ನಡದಲ್ಲಿ ದಿನವೂ ಬಳಸುವ ಒಂದು -ತ್ರ ಪದ ಕೈಗೆ ಸಿಕ್ಕರೆ, ಅದು ಈ ಪ್ರತ್ಯಯ ಹೌದೋ ಅಲ್ಲವೋ ಅಂತ ಪರೀಕ್ಷಿಸುವುದು ಹೇಗೆ?

ಧಾತುರೂಪ
ಮೊದಲು ಬರೆಯುವ ಕ್ರಮ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಕ್ಷತ್ರ ಚಿಹ್ನೆ (*) ಇದ್ದರೆ ಅದು ಎಲ್ಲೂ ಬರೆದಿಟ್ಟ ರೂಪವಲ್ಲ, ಹೋಲಿಕೆಯಿಂದ ಕಟ್ಟಿದ್ದು. ಹ್₁, ಹ್₂, ಹ್₃ ಎಂದರೆ ಮೂಲ ಇಂಡೋ-ಯುರೋಪಿಯನ್ನಿನ (ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಾಮಾನ್ಯ ಮೂಲಭಾಷೆ) ಮೂರು ಲ್ಯಾರಿಂಜಿಯಲ್ ವ್ಯಂಜನಗಳು, ಅಂದರೆ ಗಂಟಲಿನಿಂದ ಹೊರಟವು ಎಂದು ಊಹಿಸುವ, ಆಮೇಲೆ ಹೆಚ್ಚಿನ ಭಾಷೆಗಳಲ್ಲಿ ಅಳಿದುಹೋದ ಧ್ವನಿಗಳು. ಬರೀ ಹ್ ಎಂದರೆ ಮೂರರಲ್ಲಿ ಒಂದು, ಯಾವುದೆಂದು ನಿರ್ಧಾರವಾಗಿಲ್ಲ.

ಪ್ರತ್ಯಯಕ್ಕೆ ನಾಲ್ಕು ರೂಪ ಕಟ್ಟುತ್ತಾರೆ: *-ತ್ರೊಮ್, *-ತ್ಲೊಮ್, *-ಧ್ರೊಮ್, *-ಧ್ಲೊಮ್. ನಾಲ್ಕೂ ನಪುಂಸಕಲಿಂಗ, ಧಾತುವಿಗೆ ನೇರವಾಗಿ ಅಂಟುತ್ತವೆ. ಅರ್ಥ ‘ಯಾವುದರಿಂದ ಆ ಕೆಲಸ ಮಾಡುತ್ತಾರೋ ಅದು’, ಕೆಲವೊಮ್ಮೆ ‘ಎಲ್ಲಿ ಮಾಡುತ್ತಾರೋ ಆ ಜಾಗ’. ಸ್ತ್ರೀಲಿಂಗದಲ್ಲಿ *-ತ್ರೆಹ್₂, ಅದೇ ಸಂಸ್ಕೃತದ -ತ್ರಾ: ಮಾತ್ರಾ, ಯಾತ್ರಾ, ದಂಷ್ಟ್ರಾ.

ಪೋಕುಲುಮ್ ಕಥೆ ನೇರ. ಹೊರಡುವುದು *ಪೆಹ್₃-ತ್ಲೊಮ್ ರೂಪದಿಂದ, ಧಾತು ‘ಕುಡಿ’. ಎಹ್₃ ಸೇರಿ ಓ ಆಯಿತು: *ಪೋತ್ಲೊಮ್. ಲ್ಯಾಟಿನ್ನಿನಲ್ಲಿ ಪದದ ನಡುವಿನ ತ್ಲ್ ಯಾವಾಗಲೂ ಕ್ಲ್ ಆಗುತ್ತದೆ: ಪೋಕ್ಲುಮ್. ಕ್ ಮತ್ತು ಲ್ ನಡುವೆ ಉ ಸ್ವರ ತೂರಿಕೊಂಡು ಪೋಕುಲುಮ್. ಹಳೆಯ ಲ್ಯಾಟಿನ್ ನಾಟಕಕಾರ ಪ್ಲೌಟಸ್‌ನ ನಾಟಕಗಳಲ್ಲಿ ಉ ಇಲ್ಲದ ಪೋಕ್ಲುಮ್ ಇನ್ನೂ ಸಿಗುತ್ತದೆ, ಹಾಗಾಗಿ ಉ ತಡವಾಗಿ ಬಂದದ್ದು ಎನ್ನುವುದು ಊಹೆಯಲ್ಲ. ಸಂಸ್ಕೃತದ ಕಡೆ ಎಹ್₃ ಎಂದರೆ ಆ: ಪಾ-. ಇಂಡೋ-ಇರಾನಿಯನ್ನಿನಲ್ಲಿ ಲ್ ಮತ್ತು ರ್ ಬೆರೆತುಹೋದವು, ಆದ್ದರಿಂದ *-ತ್ಲೊಮ್ ಇದ್ದರೂ *-ತ್ರೊಮ್ ಇದ್ದರೂ ನಮಗೆ ಕಾಣುವುದು -ತ್ರ ಮಾತ್ರ. ಸಂಸ್ಕೃತ ಒಂದನ್ನೇ ಹಿಡಿದುಕೊಂಡು ಮೂಲದಲ್ಲಿ ರ್ ಇತ್ತೋ ಲ್ ಇತ್ತೋ ಹೇಳಲಾಗದು.

ನೇಗಿಲಗೆರೆ
ತ್ಲ್ → ಕ್ಲ್ ಬದಲಾವಣೆ ಬೇಕೆಂದಾಗ ಹುಟ್ಟಿಸಿದ ನಿಯಮ ಅಂತ ಯಾರಿಗಾದರೂ ಅನುಮಾನ ಇದ್ದರೆ: ಅದೇ ಬದಲಾವಣೆ ಲ್ಯಾಟಿನ್ನಿನಲ್ಲಿ ಶತಮಾನಗಳ ನಂತರ ಇನ್ನೊಮ್ಮೆ ನಡೆದಿದೆ. ವೆತುಲುಸ್ (ಮುದಿಯ) ಪದದ ಉ ಬಿದ್ದು ವೆತ್ಲುಸ್, ಅದು ವೆಕ್ಲುಸ್. ‘ವೆತುಲುಸ್ ಎನ್ನಿ, ವೆಕ್ಲುಸ್ ಬೇಡ’ ಎಂದು ತಿದ್ದುವ ಹಳೆಯ ಪಟ್ಟಿಯೇ ಇದೆ, ಅಪೆಂಡಿಕ್ಸ್ ಪ್ರೊಬಿ. ಲಿಥುವೇನಿಯನ್ ಬೇರೆಯಾಗಿಯೇ ಇದೇ ದಾರಿ ಹಿಡಿದಿದೆ: ನೇಗಿಲಿಗೆ ಆರ್ಕ್ಲಸ್, ಅಂದರೆ *-ತ್ಲೊ-. ನಾಲಿಗೆಗೆ ತ್ಲ್ ಕಷ್ಟ, ಅಷ್ಟೆ.

ಆದರೆ ಧ್ ಇರುವ ಎರಡು ರೂಪಗಳನ್ನು ತ್ ರೂಪಗಳ ಜೊತೆ ಒಂದೇ ಎನ್ನುವುದಕ್ಕೆ ನನ್ನ ತಕರಾರಿದೆ. ತ್ → ಧ್ ಆಗುವ ಸಾಮಾನ್ಯ ನಿಯಮ ಯಾವುದೂ ಇಲ್ಲ.

ಧಾತುರೂಪ
ತಕರಾರು ನ್ಯಾಯವೇ, ಅದಕ್ಕೆ ಬರುತ್ತೇನೆ. ಮೊದಲು ಲ್ಯಾಟಿನ್ನಿನ ಬ್ ಎಲ್ಲಿಂದ ಎಂಬುದು ಮುಗಿಯಲಿ. ಮೂಲದ ಧ್ ಲ್ಯಾಟಿನ್ ಪದದ ನಡುವೆ ಸಾಮಾನ್ಯವಾಗಿ ದ್ ಆಗುತ್ತದೆ, ಆದರೆ ರ್ ಅಥವಾ ಲ್ ಪಕ್ಕದಲ್ಲಿದ್ದರೆ ಬ್. ಸಂಸ್ಕೃತದ ರುಧಿರಕ್ಕೆ ಲ್ಯಾಟಿನ್ ರುಬೆರ್ (ಕೆಂಪು) ಎನ್ನುವುದು ಇದೇ ನಿಯಮ. ಆದ್ದರಿಂದ ಕ್ರೀಬ್ರುಮ್‌ನ -ಬ್ರುಮ್ ಎಂದರೆ *-ಧ್ರೊಮ್, ಸ್ತಬುಲುಮ್‌ನ -ಬುಲುಮ್ ಎಂದರೆ *-ಧ್ಲೊಮ್ (ಧಾತು ಸ್ಥಾ). ಇದರಲ್ಲಿ ಬಲವಂತ ಏನೂ ಇಲ್ಲ.

ಈಗ ಒಂದೇ ಪ್ರತ್ಯಯ ಎನ್ನುವುದಕ್ಕೆ ಇರುವ ದೊಡ್ಡ ಆಧಾರ: ಒಂದೇ ಧಾತು, ಒಂದೇ ವಸ್ತು, ಆದರೆ ಭಾಷೆಯಿಂದ ಭಾಷೆಗೆ ಪ್ರತ್ಯಯದ ರೂಪ ಬೇರೆ.

ಜರಡಿ: ಲ್ಯಾಟಿನ್ ಕ್ರೀಬ್ರುಮ್ *-ಧ್ರೊಮ್, ಹಳೆಯ ಐರಿಷ್ ಕ್ರಿಯಥರ್ *-ತ್ರೊಮ್.

ನೇಗಿಲು: ಗ್ರೀಕ್ ಆರೊತ್ರೊನ್, ಹಳೆಯ ಐರಿಷ್ ಅರಥರ್, ವೆಲ್ಶ್ ಅರದ್ರ್, ಅರ್ಮೇನಿಯನ್ ಅರಾವ್ರ್ ಎಲ್ಲವೂ *-ತ್ರೊಮ್. ಲಿಥುವೇನಿಯನ್ ಆರ್ಕ್ಲಸ್ *-ತ್ಲೊಮ್. ಪೋಲಿಷ್ ರಾದ್ವೊ, ಚೆಕ್ ರಾದ್ಲೊ *-ಧ್ಲೊಮ್. ಮೂರು ರೂಪ, ಒಂದೇ ಉಪಕರಣ, ಒಂದೇ ಧಾತು *ಹ್₂ಎರ್ಹ್₃- (ಉಳು).

ಹೊಲಿಗೆ: ಲ್ಯಾಟಿನ್ ಸೂಬುಲ, ಪೋಲಿಷ್ ಶಿದ್ವೊ, ಚೆಕ್ ಶೀದ್ಲೊ, ಮೂರೂ ಚಮ್ಮಾರನ ಉಳಿ, *-ಧ್ಲ್-. ಅದೇ ಧಾತು ಸಂಸ್ಕೃತದಲ್ಲಿ ಸೀವ್ಯತಿ (ಹೊಲಿಯುತ್ತಾನೆ), ಅದರಿಂದ ಸೂತ್ರ. ಒಂದು ಕಡೆ ಚುಚ್ಚುವ ಉಳಿ, ಇನ್ನೊಂದು ಕಡೆ ಹೊಲಿಯುವ ನೂಲು. ಎರಡೂ ಹೊಲಿಗೆಯ ಸಾಧನವೇ.

ಇವು ಸಂಬಂಧವಿಲ್ಲದ ನಾಲ್ಕು ಪ್ರತ್ಯಯಗಳಾಗಿದ್ದರೆ ಅರ್ಥ, ಲಿಂಗ, ಧಾತುವಿನ ಸ್ವರ ಎಲ್ಲದರಲ್ಲೂ ಹೀಗೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತಿರಲಿಲ್ಲ.

ತುಂಬೆಹೂ
ಸಂಸ್ಕೃತದಲ್ಲಿ ‘ಉಳು’ ಧಾತುವಿನಿಂದ ನೇಗಿಲಿಗೆ ಪದ ಇಲ್ಲವೇ?

ಧಾತುರೂಪ
ಇಲ್ಲ. ಆ ಧಾತುವಿನ ಕ್ರಿಯಾಪದವೇ ಅಲ್ಲಿ ಉಳಿದಿಲ್ಲ, ಕೃಷ್ ಅದರ ಜಾಗ ಹಿಡಿದಿದೆ. ನೇಗಿಲಿಗೆ ಹಲ, ಲಾಂಗಲ. ಲಾಂಗಲ ಹೊರಗಿನಿಂದ ಬಂದ ಪದ ಎಂದೇ ಹೆಚ್ಚಿನವರ ಅಭಿಪ್ರಾಯ; ನಮ್ಮ ನೇಗಿಲು, ತಮಿಳಿನ ನಾಞ್ಚಿಲ್ ಪಕ್ಕದಲ್ಲಿಟ್ಟು ನೋಡುತ್ತಾರೆ. ಅದು ಬೇರೆಯೇ ಜಗಳ, ಇಲ್ಲಿ ಬೇಡ.

ಇತ್‌ಸಂಜ್ಞೆ
ಧ್ ಎಲ್ಲಿಂದ ಎನ್ನುವುದಕ್ಕೆ ಲ್ಯಾಟಿನ್‌ವರೆಗೆ ಹೋಗಬೇಕಿಲ್ಲ, ಅಷ್ಟಾಧ್ಯಾಯಿಯಲ್ಲೇ ಕಣ್ಣಿಗೆ ಕಾಣುತ್ತದೆ. 3.2.182ರಲ್ಲಿ ಪಾಣಿನಿ 13 ಧಾತು ಕೊಟ್ಟು ‘ಕರಣೇ’ ಎನ್ನುತ್ತಾನೆ, ಅಂದರೆ ಸಾಧನ ಎಂಬ ಅರ್ಥದಲ್ಲಿ. ಪ್ರತ್ಯಯ ಷ್ಟ್ರನ್. ಮೊದಲ ಷ್, ಕೊನೆಯ ನ್ ಎರಡೂ ಇತ್ (ಗುರುತಿಗಷ್ಟೇ ಇಟ್ಟ, ಪದದಲ್ಲಿ ಉಳಿಯದ ಅಕ್ಷರ) ಆಗಿ ಹೋಗುತ್ತವೆ, ಷ್ ಹೋದ ಮೇಲೆ ಟ್ ಮತ್ತೆ ತ್ ಆಗಿ ಉಳಿಯುವುದು -ತ್ರ. ರೂಪಗಳು: ದಾತ್ರ (ಕುಡುಗೋಲು), ನೇತ್ರ, ಶಸ್ತ್ರ, ಯೋತ್ರ, ಯೋಕ್ತ್ರ (ನೊಗಕ್ಕೆ ಕಟ್ಟುವ ಹಗ್ಗ), ಸ್ತೋತ್ರ, ತೋತ್ರ (ಎತ್ತಿಗೆ ತಿವಿಯುವ ಕೋಲು), ಸೇತ್ರ, ಸೇಕ್ತ್ರ, ಮೇಢ್ರ, ಪತ್ರ, ದಂಷ್ಟ್ರಾ, ನದ್ಧ್ರೀ.

ಮೇಢ್ರ, ನದ್ಧ್ರೀ ಎರಡನ್ನು ನೋಡಿ. ಮಿಹ್ + ತ್ರ = ಮೇಢ್ರ. ನಹ್ + ತ್ರೀ = ನದ್ಧ್ರೀ (ಚರ್ಮದ ಬಾರು). ಈ ಧಾತುಗಳ ಹ್ ಹಿಂದೆ ಘೋಷ ಮಹಾಪ್ರಾಣ (ಘ್, ಧ್, ಭ್ ಥರದ್ದು) ಇತ್ತು, ನಹ್ ಎಂದರೆ ಹಳೆಯ ನಧ್. ಘೋಷ ಮಹಾಪ್ರಾಣದ ಮುಂದೆ ತ್ ಬಂದರೆ ಆ ಘೋಷವೂ ಪ್ರಾಣವೂ ತ್ ಮೇಲೆ ದಾಟುತ್ತವೆ: ಬುಧ್ + ತ = ಬುದ್ಧ, ಲಭ್ + ತ = ಲಬ್ಧ. ಹೊರಗಿನವರು ಇದನ್ನು ಬಾರ್ತೊಲೊಮೆ ನಿಯಮ ಎನ್ನುತ್ತಾರೆ, ನಮಗೆ ‘ಝಷಸ್ತಥೋರ್ಧೋಽಧಃ’. ಪ್ರತ್ಯಯ -ತ್ರ ಒಂದೇ, ಆದರೆ ಕಿವಿಗೆ ಕೇಳುವುದು -ಧ್ರ. ಇಂಥ ಕೆಲವು ಪದಗಳಿಂದ ಪದವನ್ನು ತಪ್ಪಾಗಿ ಒಡೆದು -ಧ್ರ ಎಂಬ ಬೇರೆ ಪ್ರತ್ಯಯ ಇದೆ ಎಂದು ಮಾತಾಡುವವರು ಭಾವಿಸಿದರೆ, ಅಲ್ಲಿಂದ ಅದು ಬೇರೆ ಧಾತುಗಳಿಗೂ ಹಬ್ಬಬಹುದು.

ನೇಗಿಲಗೆರೆ
@ಇತ್‌ಸಂಜ್ಞೆ ಇದು ಚೆನ್ನಾಗಿದೆ, ಆದರೆ ಸಾಲದು. ಸ್ಥಾ, ಹೊಲಿ, ಜರಡಿ ಹಿಡಿ, ಈ ಯಾವ ಧಾತುವಿನ ಕೊನೆಯಲ್ಲೂ ಘೋಷ ಮಹಾಪ್ರಾಣ ಇಲ್ಲ. ಧ್ ಹೆಚ್ಚಾಗಿ ಸಿಗುವ ಜಾಗಗಳಲ್ಲೇ ನಿಮ್ಮ ಕಾರಣ ಗೈರುಹಾಜರು.

ಧಾತುರೂಪ
ಅಲ್ಲಿ ಇರುವುದು ಲ್ಯಾರಿಂಜಿಯಲ್. *ಸ್ತೆಹ್₂- (ಸ್ಥಾ), *ಸ್ಯೂಹ್- (ಹೊಲಿ), ಎರಡೂ ಹ್ ಕೊನೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಬಿರ್ಗಿಟ್ ಓಲ್ಸನ್ 1988ರಲ್ಲಿ ಇದೇ ಪ್ರತ್ಯಯದ ಮೇಲೆ ಬರೆದ ಅಧ್ಯಯನದ ತಿರುಳು ಇದು: ಮೂಲ ಒಂದೇ, *-ತ್ಲೊಮ್, ಧಾತುವಿನ ಕೊನೆಯ ಲ್ಯಾರಿಂಜಿಯಲ್ ಪ್ರತ್ಯಯದ ತ್ ಅನ್ನು ಮಹಾಪ್ರಾಣ ಮಾಡಿತು, ಬೇರೆ ಬೇರೆ ರೂಪಗಳು ಆ ಪರಿಸರದಿಂದ ಹುಟ್ಟಿದವು.

ನೇಗಿಲಗೆರೆ
ಹಾಗಾದರೆ ಪೋಕುಲುಮ್? *ಪೆಹ್₃- ಕೊನೆಯಲ್ಲಿ ಲ್ಯಾರಿಂಜಿಯಲ್ ಇದೆ. ನಿಯಮದ ಪ್ರಕಾರ *ಪೋಬುಲುಮ್ ಬರಬೇಕಿತ್ತು. ಬಂದಿಲ್ಲ.

ಧಾತುರೂಪ
ಅದಕ್ಕೆ ಅವರು ನಿಯಮವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ, ಎಲ್ಲ ಲ್ಯಾರಿಂಜಿಯಲ್‌ಗೂ ಒಂದೇ ಪರಿಣಾಮ ಅಲ್ಲ ಎಂದು. ಷರತ್ತು ಹೆಚ್ಚಾದಷ್ಟೂ ಅಪವಾದ ಕಡಿಮೆಯಾಗುತ್ತದೆ, ನಿಯಮದ ಬಲವೂ ಕಡಿಮೆಯಾಗುತ್ತದೆ. ಎಲ್ಲರೂ ಒಪ್ಪಿಲ್ಲ. ನನ್ನ ಮಟ್ಟಿಗೆ: ರ್/ಲ್ ಭೇದ ಒಂದೇ ಪ್ರತ್ಯಯದ ಒಳಗಿನದು ಎನ್ನುವುದು ಗಟ್ಟಿ, ತ್/ಧ್ ಭೇದವೂ ಹಾಗೇ ಇರಬೇಕು, ದಾರಿ ಮಾತ್ರ ಇನ್ನೂ ಪೂರ್ತಿ ತೆರೆದಿಲ್ಲ.

ರ್/ಲ್ ಬಗ್ಗೆ ಒಂದು ಮಾತು. ಲ್ಯಾಟಿನ್ನಿನಲ್ಲಿ ಧಾತುವಿನೊಳಗೆ ಮೊದಲೇ ಲ್ ಇದ್ದರೆ -ಕ್ಲುಮ್ ಬದಲು -ಕ್ರುಮ್: ಲುಕ್ರುಮ್ (ಲಾಭ), ಸಿಮುಲಾಕ್ರುಮ್, ಸೆಪುಲ್ಕ್ರುಮ್, ಫುಲ್ಕ್ರುಮ್. ಎರಡು ಲ್ ಹತ್ತಿರ ಬಂದಾಗ ಒಂದನ್ನು ರ್ ಮಾಡುವ ವಿಷಮೀಕರಣ. -ಆಲಿಸ್ ಪ್ರತ್ಯಯ ಮೀಲಿತಾರಿಸ್ ಪದದಲ್ಲಿ -ಆರಿಸ್ ಆಗುವುದೂ ಇದೇ. ಆದ್ದರಿಂದ ಲ್ಯಾಟಿನ್ -ಕ್ರುಮ್ ಕಂಡಾಗ ಅದನ್ನು *-ತ್ರೊಮ್ ಲೆಕ್ಕಕ್ಕೆ ಹಾಕಬೇಡಿ, ಅದು *-ತ್ಲೊಮ್. ಹೊಸಬರ ಪಟ್ಟಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಮೊರದಕಾಳು
ಜರ್ಮನಿಕ್ ಕಡೆ ಏನು ಕಥೆ?

ಧಾತುರೂಪ
ಅಲ್ಲಿ ತ್ ಘರ್ಷಧ್ವನಿ ಥ್ ಆಗುತ್ತದೆ. ಇಂಗ್ಲಿಷಿನ ರಡರ್ (ಚುಕ್ಕಾಣಿ), ಜರ್ಮನ್ ರೂದರ್, ಹಳೆಯ ಇಂಗ್ಲಿಷ್ ರೋಥೊರ್ (ದೋಣಿಯ ಹುಟ್ಟು): ‘ಹುಟ್ಟು ಹಾಕು’ ಧಾತು + *-ತ್ರೊಮ್. ಸಂಸ್ಕೃತದ ಅರಿತ್ರ (ಹುಟ್ಟು) ಅದೇ ಧಾತು, ಅದೇ ಪ್ರತ್ಯಯ, ಅದೇ ವಸ್ತು. ನೀಡ್ಲ್ (ಸೂಜಿ), ಗಾಥಿಕ್ ನೇಥ್ಲ: *-ತ್ಲೆಹ್₂. ಹಳೆಯ ಇಂಗ್ಲಿಷ್ ಹ್ಲೇಓಥೊರ್ (ಶಬ್ದ, ಸದ್ದು) ಅಕ್ಷರಕ್ಕೆ ಅಕ್ಷರ ಶ್ರೋತ್ರ: ಎರಡೂ *ಕ್ಲೆವ್-ತ್ರೊಮ್ (ಕ್ ತಾಲವ್ಯ). ಜರ್ಮನಿಕ್ ಸಾಕ್ಷ್ಯದಲ್ಲಿ ಒಂದು ತೊಡಕು ಇದೆ: ಒತ್ತಕ್ಷರದ ಜಾಗಕ್ಕೆ ತಕ್ಕಂತೆ ಥ್ ಘೋಷವಾಗಿಬಿಡುತ್ತದೆ (ವೆರ್ನರ್ ನಿಯಮ), ಆಗ ಅದು ಮೂಲದ ಧ್ ಜೊತೆ ಬೆರೆಯುತ್ತದೆ. ಹಾಗಾಗಿ ಅಲ್ಲಿ ದ್ ಕಂಡರೆ ತ್ರೊಮ್ಮೋ ಧ್ರೊಮ್ಮೋ ಎಂದು ಅದೊಂದರಿಂದಲೇ ಹೇಳಲಾಗದು.

ಹಿಟ್ಟೈಟ್‌ನಲ್ಲಿ (ಈಗಿನ ಟರ್ಕಿಯಲ್ಲಿದ್ದ, ಇದೇ ಕುಟುಂಬದ ಹಳೆಯ ಭಾಷೆ) ಸಾಧನಕ್ಕೆ -ಉತ್ಸಿ ಎಂಬ ಬೇರೆ ಪ್ರತ್ಯಯ ಚಾಲ್ತಿ: ಇಸ್ಹುತ್ಸಿ ಎಂದರೆ ನಡುಪಟ್ಟಿ. -ತ್ರೊಮ್ ಗುಂಪು ಅಲ್ಲಿ ಉಳಿದ ಶಾಖೆಗಳಷ್ಟು ಜೀವಂತವಾಗಿಲ್ಲ.

ತುಂಬೆಹೂ
ಮೊದಲ ಪ್ರಶ್ನೆಗೆ ಸಾಕಷ್ಟು ಸಿಕ್ಕಿತು. ಎರಡನೆಯದು? ಖನಿತ್ರ, ಚರಿತ್ರ, ಪವಿತ್ರಗಳಲ್ಲಿ -ತ್ರ ಮುಂಚೆ ಒಂದು ಇ ಇದೆ, ಮಂತ್ರ ತಂತ್ರಗಳಲ್ಲಿ ಇಲ್ಲ. ಇದು ಬೇರೆ ಪ್ರತ್ಯಯವೇ?

ಇತ್‌ಸಂಜ್ಞೆ
ಪಾಣಿನಿಗೆ ಬೇರೆಯೇ. 3.2.184: ಅರ್ತಿ-ಲೂ-ಧೂ-ಸೂ-ಖನ-ಸಹ-ಚರ ಇತ್ರಃ. ಏಳು ಧಾತು, ಪ್ರತ್ಯಯ -ಇತ್ರ: ಅರಿತ್ರ, ಲವಿತ್ರ (ಕುಡುಗೋಲು), ಧವಿತ್ರ (ಬೀಸಣಿಗೆ), ಸವಿತ್ರ, ಖನಿತ್ರ (ಗುದ್ದಲಿ), ಸಹಿತ್ರ, ಚರಿತ್ರ. ಮುಂದಿನ ಸೂತ್ರ ಪೂ ಧಾತುವಿಗೆ: ಪವಿತ್ರ. ಸ್ವರವೂ ಬೇರೆ. ಷ್ಟ್ರನ್ ಪ್ರತ್ಯಯದಲ್ಲಿ ನ್ ಇತ್ತಾದ್ದರಿಂದ ಪದದ ಮೊದಲ ಅಕ್ಷರ ಉದಾತ್ತ (ಎತ್ತರದ ಸ್ವರ). -ಇತ್ರದಲ್ಲಿ ಇ ಉದಾತ್ತ. ಋಗ್ವೇದದ ಅರಿತ್ರ, ಪವಿತ್ರಗಳಲ್ಲಿ ಉದಾತ್ತ ಇ ಮೇಲೆಯೇ ಇದೆ.

ಧಾತುರೂಪ
ಇತಿಹಾಸದ ದೃಷ್ಟಿಯಲ್ಲಿ ಆ ಇ ಪ್ರತ್ಯಯದ್ದಲ್ಲ, ಧಾತುವಿನದು. ಎರಡು ವ್ಯಂಜನಗಳ ನಡುವೆ ಸಿಕ್ಕಿಬಿದ್ದ ಲ್ಯಾರಿಂಜಿಯಲ್ ಸಂಸ್ಕೃತದಲ್ಲಿ ಇ ಆಗುತ್ತದೆ. ನಮ್ಮ ವ್ಯಾಕರಣದ ಸೇಟ್ ಧಾತುಗಳೇ (ಪ್ರತ್ಯಯದ ಮುಂಚೆ ಇ ತೆಗೆದುಕೊಳ್ಳುವವು) ಲ್ಯಾರಿಂಜಿಯಲ್ ಕೊನೆಯ ಧಾತುಗಳು. ಇದಕ್ಕೆ ಅಡಿಪಾಯ ಹಾಕಿದ್ದು ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್. 1878ರ ಕೊನೆಗೆ ಹೊರಬಂದ ಪ್ರಬಂಧದಲ್ಲಿ, ಅವರಿಗೆ 21 ವರ್ಷವಾಗಿದ್ದಾಗ.

ಕೈಯಲ್ಲೇ ಮಾಡಬಹುದಾದ ಪರೀಕ್ಷೆ: ಧಾತುವಿನ ಕ್ತ ರೂಪ (ಭೂತಕೃದಂತ) ನೋಡಿ. ಮನ್ – ಮತ, ತನ್ – ತತ, ಯಮ್ – ಯತ. ಸ್ವರ ಹ್ರಸ್ವ, ಲ್ಯಾರಿಂಜಿಯಲ್ ಇಲ್ಲ. ಆದ್ದರಿಂದ ಮಂತ್ರ, ತಂತ್ರ, ಯಂತ್ರ. ಜನ್ – ಜಾತ, ಖನ್ – ಖಾತ. ದೀರ್ಘ, ಲ್ಯಾರಿಂಜಿಯಲ್ ಇದೆ. ಆದ್ದರಿಂದ ಜನಿತ್ರ, ಖನಿತ್ರ. ಪೂ – ಪೂತ, ಧೂ – ಧೂತ, ಲೂ – ಲೂನ, ಎಲ್ಲ ದೀರ್ಘ: ಪವಿತ್ರ, ಧವಿತ್ರ, ಲವಿತ್ರ. ಚರ್ ಧಾತುವಿಗೆ ಹಳೆಯ ರೂಪ ಚೀರ್ಣ, ಅದೂ ದೀರ್ಘ: ಚರಿತ್ರ.

ಇನ್ನು ಪಾ, ಗಾ, ಮಾ ಥರದ ಧಾತುಗಳಲ್ಲಿ ಲ್ಯಾರಿಂಜಿಯಲ್ ಸ್ವರದ ಬೆನ್ನಿಗೇ ಇರುವುದರಿಂದ ಅದು ಆ ಸ್ವರವನ್ನು ದೀರ್ಘ ಮಾಡಿ ಮಾಯವಾಗುತ್ತದೆ, ಇ ಬರುವುದಿಲ್ಲ: ಪಾತ್ರ, ಗಾತ್ರ, ಮಾತ್ರಾ. *ಪಾಇತ್ರ ಅಂತ ಹುಡುಕಬೇಡಿ.

ನೇಗಿಲಗೆರೆ
ನೀ ಧಾತುವಿನ ಕ್ತ ರೂಪ ನೀತ. ದೀರ್ಘ. ನಿಮ್ಮ ಪರೀಕ್ಷೆ ಪ್ರಕಾರ *ನಯಿತ್ರ ಆಗಬೇಕು, ಇರುವುದು ನೇತ್ರ. ಪೂ ಧಾತುವಿನಿಂದಲೇ 3.2.183ರಲ್ಲಿ ಪೋತ್ರ (ಹಂದಿಯ ಮೂತಿ, ನೇಗಿಲ ಗುಳ) ಇದೆ. ಅದೂ ಇ ಇಲ್ಲದ್ದು. ಏಳರ ಪಟ್ಟಿಯ ಸಹ್ ಧಾತುವಿಗೆ ಕ್ತ ರೂಪ ಸೋಢ, ಅಲ್ಲಿ ಲ್ಯಾರಿಂಜಿಯಲ್ ಸುಳಿವೇ ಇಲ್ಲ, ಆದರೂ ಸಹಿತ್ರ.

ಧಾತುರೂಪ
ಮೂರೂ ಸರಿಯಾದ ಆಕ್ಷೇಪಣೆ. ಈ, ಊ ಕೊನೆಯ ಕೆಲವು ಧಾತುಗಳನ್ನು ಸಂಸ್ಕೃತ ಗುಣದ (ಇ/ಈ ಏ ಆಗುವ, ಉ/ಊ ಓ ಆಗುವ) ರೂಪಗಳಲ್ಲಿ ಅನಿಟ್ (ಇ ಸೇರದ್ದು) ಮಾಡಿಕೊಂಡಿದೆ: ನೇತುಮ್, ನೇತಾ, ಅದೇ ಸಾಲಿನಲ್ಲಿ ನೇತ್ರ. ಪೋತೃ (ಯಜ್ಞದ ಒಬ್ಬ ಋತ್ವಿಜ), ಪೋತ್ರ ಜೋಡಿಯೂ ಹಾಗೆಯೇ. ಸಹಿತ್ರದಲ್ಲಿ ಉಲ್ಟಾ: -ಇತ್ರ ಒಂದು ಪ್ರತ್ಯಯ ಎಂದು ಕಿವಿಗೆ ನಿಂತ ಮೇಲೆ ಇ ಬೇಡದ ಧಾತುವಿಗೂ ಅಂಟಿದೆ. ಆ ಕಾಲದ ಭಾಷೆಗೆ ಪಾಣಿನಿ ಸರಿ, ಅದರ ಹಿಂದಿನ ಭಾಷೆಗೆ ಲ್ಯಾರಿಂಜಿಯಲ್ ಸರಿ. ಪರೀಕ್ಷೆ ಹತ್ತರಲ್ಲಿ ಹತ್ತು ಸಲ ಹೊಂದದು. ಹೊಂದದಿದ್ದಾಗ ಸಾದೃಶ್ಯದ (ಬೇರೆ ಪದಗಳ ಮಾದರಿಯಲ್ಲಿ ಬದಲಾದದ್ದು ಎಂಬ) ಕಾರಣ ತೋರಿಸಲೇಬೇಕು, ಸುಮ್ಮನೆ ಅಪವಾದ ಎಂದು ದಾಟುವಂತಿಲ್ಲ.

ಮೊರದಕಾಳು
ಪವಿತ್ರದ ಅರ್ಥ ಸ್ವಲ್ಪ ಹೇಳಲೇಬೇಕು. ಇವತ್ತು ನಮಗೆ ಅದು ವಿಶೇಷಣ, ಪವಿತ್ರ ಗ್ರಂಥ, ಪವಿತ್ರ ಸ್ಥಳ. ಋಗ್ವೇದದಲ್ಲಿ ಅದು ಸೋಮರಸ ಸೋಸುವ, ಕುರಿಯ ಉಣ್ಣೆಯ ಸೋಸುಬಟ್ಟೆ. ಶುದ್ಧ ಮಾಡುವ ಸಾಧನ. ಕರ್ಮ ಮಾಡುವಾಗ ಬೆರಳಿಗೆ ಹಾಕುವ ದರ್ಭೆಯ ಉಂಗುರಕ್ಕೆ ನಮ್ಮಲ್ಲಿ ಇವತ್ತಿಗೂ ‘ಪವಿತ್ರ’ ಎಂದೇ ಹೆಸರು. ಆ ಬಳಕೆಯಲ್ಲಿ ಪ್ರತ್ಯಯದ ಹಳೆಯ ಅರ್ಥ ಹಾಗೇ ಕೂತಿದೆ.

ಕನ್ನಡಕ್ಕೆ ಬಂದ ಮೇಲೆ -ತ್ರಾ ಪದಗಳು ನಿಯಮದಂತೆ ಎ ಕೊನೆಯಾಗುತ್ತವೆ: ಮಾತ್ರೆ, ಯಾತ್ರೆ. ಮಾತ್ರೆ ಎಂದರೆ ಅಳತೆ. ಛಂದಸ್ಸಿನಲ್ಲಿ ಈಗಲೂ ಅಳತೆಯೇ, ಔಷಧದಂಗಡಿಯಲ್ಲಿ ಅಳತೆ ಮಾಡಿದ ಗುಳಿಗೆ. ಯಾತ್ರಾ ಸಂಸ್ಕೃತದಿಂದ ನೇರವಾಗಿ ಬಂದಾಗ ಯಾತ್ರೆ, ಪ್ರಾಕೃತದ ಬಾಗಿಲಿನಿಂದ ಬಂದಾಗ ಜಾತ್ರೆ. ಪಾತ್ರ ನಾಟಕದಲ್ಲೂ ನದಿಯಲ್ಲೂ ಉಳಿಯಿತು, ಅಡುಗೆಮನೆಗೆ ಪಾತ್ರೆ ಆಯಿತು. ಗಾತ್ರ ಸಂಸ್ಕೃತದಲ್ಲಿ ಅಂಗ, ಮೈ, ಕನ್ನಡದಲ್ಲಿ ದಪ್ಪ-ಅಳತೆ.

ಕ್ಷತ್ರದ ತಂಗಿ ಕೂಡ ನಮ್ಮಲ್ಲಿದ್ದಾಳೆ. ಹಳೆಯ ಇರಾನಿಯನ್ನಿನ, ಅವೆಸ್ತಾ ಗ್ರಂಥದಲ್ಲೂ ಕಾಣುವ ಕ್ಷಥ್ರ (ಆಳ್ವಿಕೆ) ಪಾರಸಿಯಲ್ಲಿ ಸವೆದು ಶಹರ್ ಆಯಿತು, ಅಲ್ಲಿಂದ ನಮ್ಮ ಶಹರ. ಕ್ಷತ್ರಿಯನೂ ಶಹರವೂ ಒಂದೇ *-ತ್ರೊ- ಪದದಿಂದ. ಕ್ಷೇತ್ರ ಮರಾಠಿಯಲ್ಲಿ ಶೇತ್, ಅದರಿಂದ ಶೇತ್ಕರಿ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತುಂಬೆಹೂ
ಕೇಂದ್ರ?

ಮೊರದಕಾಳು
ಗ್ರೀಕ್ ಕೇಂತ್ರೊನ್ (ಚುಚ್ಚುವ ಮೊನೆ, ಆಮೇಲೆ ಕೈವಾರದ ಮೊನೆ ಊರಿದ ಬಿಂದು). ಜ್ಯೋತಿಷ-ಗಣಿತದ ಜೊತೆ ಸಂಸ್ಕೃತಕ್ಕೆ ಎರವಲು ಬಂತು. ಎರವಲು ಅನ್ನುವುದಕ್ಕೆ ದ್ ಸಾಕ್ಷಿ, ನಮ್ಮದೇ ಪ್ರತ್ಯಯವಾಗಿದ್ದರೆ ತ್ ಇರುತ್ತಿತ್ತು.

ಇತ್‌ಸಂಜ್ಞೆ
ಈಗ ಪರೀಕ್ಷೆಯ ಇನ್ನೊಂದು ಅರ್ಧ: ಯಾವುದು ಅಲ್ಲ. ಕೊನೆಯಲ್ಲಿ ತ್ರ ಇದ್ದ ಮಾತ್ರಕ್ಕೆ ಪ್ರತ್ಯಯ -ತ್ರ ಅಲ್ಲ.

ಚಿತ್ರ: ಧಾತು ಚಿತ್, ಪ್ರತ್ಯಯ -ರ. ತ್ ಧಾತುವಿನದು, ಕೇತು, ಚೇತನ ನೋಡಿ. ಸ್ವರವೂ ಹೇಳುತ್ತದೆ: -ತ್ರ ಸಾಧಾರಣವಾಗಿ ಧಾತುವಿಗೆ ಗುಣ ಕೊಡುತ್ತದೆ (ಸ್ತು – ಸ್ತೋತ್ರ, ಶ್ರು – ಶ್ರೋತ್ರ), -ರ ಗುಣವಿಲ್ಲದ ಧಾತುವಿಗೆ ಸೇರುತ್ತದೆ. ಚಿತ್ರದಲ್ಲಿ ಗುಣ ಇಲ್ಲ.

ಗೋತ್ರ, ಆತಪತ್ರ (ಕೊಡೆ), ತನುತ್ರ (ಕವಚ): ಇವುಗಳ ಕೊನೆ ತ್ರಾ, ‘ಕಾಪಾಡು’ ಧಾತು. ಹಸುವನ್ನು ಕಾಯುವುದು, ಬಿಸಿಲಿನಿಂದ ಕಾಯುವುದು, ಮೈ ಕಾಯುವುದು. ಗುರುತು ಸುಲಭ, ಮುಂದಿನ ಅರ್ಧ ಧಾತುವಲ್ಲ, ನಾಮಪದ.

ಅತ್ರ, ತತ್ರ, ಸರ್ವತ್ರ: ಸರ್ವನಾಮಕ್ಕೆ ಸೇರುವ ತ್ರಲ್, ಸಪ್ತಮಿಯ ಅರ್ಥ. ನಮ್ಮ ವಿಷಯಕ್ಕೆ ಸಂಬಂಧ ಇಲ್ಲ.

ಪುತ್ರ: ‘ಪುತ್ ಎಂಬ ನರಕದಿಂದ ಕಾಪಾಡುವವನು’ ಎನ್ನುವುದು ಮನುಸ್ಮೃತಿಯಲ್ಲಿ ಬಂದ ಜನಪ್ರಿಯ ನಿರುಕ್ತಿ, ಅಷ್ಟೆ. ಇಟಲಿಯ ಆಸ್ಕನ್ ಭಾಷೆಯಲ್ಲಿ ಮಗನಿಗೆ ಪುಕ್ಲೊ- ಎಂಬ ಪದ ಇದೆ, ಆದ್ದರಿಂದ ಮೂಲ *ಪುತ್ಲೊ-. ನರಕದ ಮಾತು ಅಲ್ಲಿಗೆ ಮುಗಿಯಿತು. ಆದರೆ ಇದು ಪುಲ್ಲಿಂಗ, ಸಾಧನವೂ ಅಲ್ಲ. ಈ ಗುಂಪಿಗೆ ಸೇರಿಸುವುದಿಲ್ಲ.

ನೇಗಿಲಗೆರೆ
ವೃತ್ರ?

ಇತ್‌ಸಂಜ್ಞೆ
ಅದು ಹೌದು. ವೃ (ಮುಚ್ಚು, ತಡೆ) + ತ್ರ. ಋಗ್ವೇದದಲ್ಲಿ ‘ವೃತ್ರಾಣಿ’ ಎಂದು ನಪುಂಸಕ ಬಹುವಚನ ಸಿಗುತ್ತದೆ, ಅರ್ಥ ಅಡ್ಡಿಗಳು, ತಡೆಗಳು. ಅವೆಸ್ತಾದ ವೆರೆಥ್ರ ಅದೇ. ಅಸುರನ ಹೆಸರು ಆ ಮೇಲಿನದು. ಗುಣ ಇಲ್ಲದ್ದು, ಉದಾತ್ತ ಕೊನೆಯಲ್ಲಿ. ಹಾಗಾಗಿ ಗುಣದ ಪರೀಕ್ಷೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ.

ಮೊರದಕಾಳು
ಛತ್ರದ ಗೋಜಲನ್ನೂ ಹಾಕಿಬಿಡುತ್ತೇನೆ. ಕೊಡೆಯ ಛತ್ರ: ಛದ್ (ಮುಚ್ಚು) + ತ್ರ, ಹಳೆಯ ಬರಹದಲ್ಲಿ ಛತ್ತ್ರ ಎಂದು ಎರಡು ತ್. ಅದರ ತದ್ಭವ ಸತ್ತಿಗೆ. ಮದುವೆಯ ಛತ್ರ ಬೇರೆ: ಸದ್ (ಕೂರು) + ತ್ರ = ಸತ್ತ್ರ, ಮೊದಲು ಅನೇಕ ದಿನ ಕೂತು ಮಾಡುವ ಯಜ್ಞ, ಆಮೇಲೆ ಅನ್ನ ಹಾಕುವ ಜಾಗ, ತಮಿಳಿನಲ್ಲಿ ಸತ್ತಿರಂ. ಕನ್ನಡದ ಬಾಯಲ್ಲಿ ಎರಡೂ ಛತ್ರವಾದವು. ಎರಡರಲ್ಲೂ ಪ್ರತ್ಯಯ ಒಂದೇ, ಧಾತು ಬೇರೆ, ಒಂದು ಸಾಧನ, ಇನ್ನೊಂದು ಜಾಗ.

ಧಾತುರೂಪ
ಒಳ್ಳೆಯ ಉದಾಹರಣೆ, ಏಕೆಂದರೆ ದಂತ್ಯದ (ತ್, ದ್ ಥರದ್ದು) ಮುಂದೆ -ತ್ರ ಬಂದಾಗ ಏನಾಗುತ್ತದೆ ಎನ್ನುವುದೇ ಒಂದು ಸಮಸ್ಯೆ. ಲ್ಯಾಟಿನ್ನಿನಲ್ಲಿ ಸ್ತ್ರ್: ರೋದೊ (ಕಡಿ) – ರೋಸ್ತ್ರುಮ್ (ಕೊಕ್ಕು), ಕ್ಲೌದೊ (ಮುಚ್ಚು) – ಕ್ಲೌಸ್ತ್ರುಮ್ (ಅಗುಳಿ). ಸಂಸ್ಕೃತದಲ್ಲಿ ತ್ತ್ರ್. ಮೂಲಭಾಷೆಯಲ್ಲಿ ಮಾತ್ರ ಒಂದು ದಂತ್ಯ ಪೂರ್ತಿ ಬೀಳುತ್ತಿತ್ತು ಎಂಬ ವಾದವಿದೆ, ಗ್ರೀಕ್ ಮೇತ್ರೊನ್ (ಅಳತೆ) *ಮೆದ್-ತ್ರೊಮ್ ಎಂದು ತೆಗೆದುಕೊಂಡು ಅದಕ್ಕೆ ‘ಮೇತ್ರೊನ್ ನಿಯಮ’ ಎಂದೇ ಹೆಸರಿಟ್ಟಿದ್ದಾರೆ. ತಮಾಷೆ ಏನೆಂದರೆ ಆ ಪದವೇ ಗಟ್ಟಿಯಲ್ಲ: *ಮ್ಹ್₁-ತ್ರೊಮ್, ಅಂದರೆ ನಮ್ಮ ಮಾತ್ರೆಯ ಧಾತುವಿನಿಂದಲೂ ಅದು ಬರಬಹುದು.

ತುಂಬೆಹೂ
ಸಾಧನ, ಜಾಗ, ಕೆಲವೊಮ್ಮೆ ಬರೀ ಕ್ರಿಯೆ (ಸ್ತೋತ್ರ, ಯಾತ್ರೆ). ಒಂದು ಪ್ರತ್ಯಯಕ್ಕೆ ಇಷ್ಟು ಅರ್ಥ ಹೊಂದುತ್ತದೆಯೇ?

ಮೊರದಕಾಳು
ಕನ್ನಡದ್ದೇ ನೋಡಿ. ಬಾಚು – ಬಾಚಣಿಗೆ: ಸಾಧನ. ಬರೆ – ಬರವಣಿಗೆ, ಮೆರೆ – ಮೆರವಣಿಗೆ: ಕ್ರಿಯೆ. ಪ್ರತ್ಯಯ ಒಂದೇ -ಅಣಿಗೆ. ನಮಗೆ ಒಂದು ದಿನವೂ ಗೊಂದಲ ಆಗಿಲ್ಲ.

ತುಂಬೆಹೂ
ಹಾಗಾದರೆ ನನ್ನದೊಂದು ಜೋಡಿ ಹಾಕುತ್ತೇನೆ, ತೂಕ ಮಾಡಿ. ಸಂಸ್ಕೃತ ವಹಿತ್ರ (ಹಡಗು), ಹಳೆಯ ಕನ್ನಡ ಕಾವ್ಯದ ಬೈತ್ರ; ಲ್ಯಾಟಿನ್ ವೆಹಿಕುಲುಮ್ (ಗಾಡಿ). ಧಾತು ವಹ್ ಎರಡೂ ಕಡೆ. -ತ್ರ = -ತ್ಲೊಮ್ = -ಕುಲುಮ್. ನಡುವಿನ ಇ ಕೂಡ ತಾಳೆಯಾಗುತ್ತದೆ. *ವೆಘ್ಹ್-ತ್ಲೊಮ್ ಎಂದು ಬರೆಯಬಹುದಲ್ಲವೇ?

ಧಾತುರೂಪ
ಧಾತು ಸರಿ, ಪ್ರತ್ಯಯ ಸರಿ, ಇ ಮಾತ್ರ ಕೈಕೊಡುತ್ತದೆ. ವಹ್ ಅನಿಟ್: ಕ್ತ ರೂಪ ಊಢ, ಕರ್ತೃ ವೋಢೃ. ಧಾತುವಿನಲ್ಲಿ ಲ್ಯಾರಿಂಜಿಯಲ್ ಇಲ್ಲ. ಮೂಲದಿಂದಲೇ ಬಂದಿದ್ದರೆ ಮೇಢ್ರದ ಹಾಗೆ *ವೋಢ್ರ ಆಗಬೇಕಿತ್ತು. ವಹಿತ್ರ ಎಂದರೆ ಸಹಿತ್ರದ ಹಾಗೆ -ಇತ್ರವನ್ನು ಆಮೇಲೆ ಅಂಟಿಸಿದ್ದು. ಲ್ಯಾಟಿನ್ ಕಡೆಯೂ ಇ ವರ್ತಮಾನ ಕಾಲದ ವೆಹಿತ್ ಥರದ ರೂಪಗಳಿಂದ ಎತ್ತಿಕೊಂಡದ್ದು. ಧಾತು ನೇರವಾಗಿ ತ್ ಮುಂದೆ ನಿಂತರೆ ವೆಕ್ತುಸ್ ಆಗುತ್ತದೆ, ಇ ಇರುವುದಿಲ್ಲ. ಎರಡು ಭಾಷೆಗಳೂ ತಮ್ಮ ತಮ್ಮ ಮನೆಯಲ್ಲಿ, ಬೇರೆ ಬೇರೆ ಕಾಲದಲ್ಲಿ ಇದನ್ನು ಕಟ್ಟಿಕೊಂಡಿವೆ.

ನೇಗಿಲಗೆರೆ
ಪಾತ್ರ–ಪೋಕುಲುಮ್ ನೋಡಿದರೆ ಹೊಂದುವುದೇ ಇಲ್ಲ, ಆದರೆ ಅದು ಹಳೆಯ ಜೋಡಿ. ವಹಿತ್ರ–ವೆಹಿಕುಲುಮ್ ಎಷ್ಟು ಚೆನ್ನಾಗಿ ಹೊಂದುತ್ತದೆ, ಅದು ಹೊಸದು.

ತುಂಬೆಹೂ
ಪಟ್ಟಿಯಿಂದ ತೆಗೆದೆ. ಸ್ತಬುಲುಮ್, ಕ್ರೀಬ್ರುಮ್ ವಾಪಸ್ ಚೀಲಕ್ಕೆ.